ಮಕ್ಕಳ ಸುರಂಗ, ಹಿರಿಯರ ಹೊಣೆ

ನವೆಂಬರ್ ತಿಂಗಳ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಕತ್ತಲು ಕವಿಯುತ್ತದೆ. ಶಾಲೆಯಿಂದ ಮರಳಿದ ನಮ್ಮ ಮಕ್ಕಳಲ್ಲಿ ಅನೇಕರು ಆ ಹೊತ್ತಿಗೆ ಇನ್ನೊಂದು ಕತ್ತಲೆಗೆ ಇಳಿದಿರುತ್ತಾರೆ. ಕೈಯಲ್ಲಿ ಪಿಕಾಸಿ, ಚೀಲದಲ್ಲಿ ಪಂಜುಗಳು, ಸುತ್ತ ಬಂಡೆ. ವಜ್ರ ಸಿಗುವ ತನಕ ಅಗೆತ. ಮೈನ್‌ಕ್ರಾಫ್ಟ್ ಎಂಬ ಈ ಆಟ ನಾವು ನೆಲೆಸಿರುವ ನಾಡಿನಲ್ಲಿಯೇ ಹುಟ್ಟಿತು. ಮಾರ್ಕುಸ್ ಪೆರ್ಸನ್ ಇದರ ಮೊದಲ ರೂಪವನ್ನು 2009ರಲ್ಲಿ ಹೊರತಂದರು. 2011ರ ನವೆಂಬರಿನಲ್ಲಿ ಪೂರ್ಣರೂಪ ಬಂದಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸ್ಟಾಕ್‌ಹೋಮಿನ ಮೊಯಾಂಗ್ ಕಂಪನಿಯನ್ನು 250 ಕೋಟಿ ಡಾಲರಿಗೆ ಕೊಂಡುಕೊಂಡಿತು. 2023ರ ಹೊತ್ತಿಗೆ ಇದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಸಾವಿರ ವರ್ಷಗಳಿಂದ ನೆಲ ಅಗೆದು ಬದುಕಿದ ದೇಶದಲ್ಲಿ ಅಗೆಯುವ ಆಟ ಹುಟ್ಟಿದ್ದು ಸೋಜಿಗವೆನಿಸದು.

ಸಂಘದ ಸ್ವಯಂಸೇವಕ ವೈದ್ಯನಾದ ನನ್ನನ್ನು ಪಾಲಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಮಗು ಎಷ್ಟು ಹೊತ್ತು ಆಡಬಹುದು? ಇದಕ್ಕೆ ಉತ್ತರ ಸಿದ್ಧವಾಗಿದೆ. ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2024ರಲ್ಲಿ ನೀಡಿದ ಸಲಹೆಯಂತೆ, ಬಿಡುವಿನ ವೇಳೆಯಲ್ಲಿ ಪರದೆಯ ಮುಂದೆ ಕಳೆಯುವ ಕಾಲವು 6ರಿಂದ 12 ವರ್ಷದವರಿಗೆ ದಿನಕ್ಕೆ ಒಂದರಿಂದ ಎರಡು ಗಂಟೆಯನ್ನೂ, 13ರಿಂದ 18 ವರ್ಷದವರಿಗೆ ಎರಡರಿಂದ ಮೂರು ಗಂಟೆಯನ್ನೂ ಮೀರಬಾರದು. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ: ಆ ಒಂದು ಗಂಟೆಯಲ್ಲಿ ಮಗು ಕಲಿಯುತ್ತಿರುವುದಾದರೂ ಏನು? ನನ್ನ ಅಭಿಪ್ರಾಯ ಹೀಗಿದೆ. ನೆಲದಡಿಯಲ್ಲಿ ಜೀವ ಉಳಿಸಿಕೊಳ್ಳುವ ವಿವೇಕದ ಅರ್ಧ ಭಾಗವನ್ನು ಈ ಆಟ ಬಹಳ ಚೆನ್ನಾಗಿ ಕಲಿಸುತ್ತದೆ. ಉಳಿದ ಅರ್ಧ ಅದರಲ್ಲಿ ಇಲ್ಲವೇ ಇಲ್ಲ. ಆ ಅರ್ಧವನ್ನು ಹೇಳಿಕೊಡುವ ಹೊಣೆ ಮನೆಯ ಹಿರಿಯರದು.

ಮೊದಲು ಆಟದ ಗುಣವನ್ನು ಹೇಳೋಣ. ಅದನ್ನು ಆಡದ ತಂದೆತಾಯಿಯರಿಗಾಗಿ ಅದರ ಸುರಕ್ಷತಾ ಸೂತ್ರಗಳನ್ನು ಇಲ್ಲಿ ಸಂಗ್ರಹಿಸುತ್ತೇನೆ. ಒಂದನೆಯದು, ನಿಂತ ನೆಲವನ್ನೇ ನೇರವಾಗಿ ಕೆಳಗೆ ಅಗೆಯಬಾರದು. ಅಡಿಯಲ್ಲಿ ಆಳವಾದ ಗುಹೆಯಿರಬಹುದು, ಕುದಿಯುವ ಲಾವಾರಸದ ಮಡುವಿರಬಹುದು. ಮೆಟ್ಟಿಲು ಕಡಿಯುತ್ತ ಇಳಿಯಬೇಕು, ಅದೇ ಮೆಟ್ಟಿಲು ಹಿಂದಿರುಗುವ ದಾರಿಯೂ ಆಗುತ್ತದೆ. ಎರಡನೆಯದು, ತಲೆಯ ಮೇಲಿನ ನೆಲವನ್ನು ನೇರವಾಗಿ ಮೇಲಕ್ಕೆ ಅಗೆಯಬಾರದು. ಮರಳು ಮತ್ತು ಜಲ್ಲಿ ಕುಸಿದು ಉಸಿರುಕಟ್ಟಿಸುತ್ತವೆ. ಮೂರನೆಯದು, ಕತ್ತಲೆಯನ್ನು ಹಿಂದೆ ಬಿಟ್ಟು ಮುಂದೆ ಹೋಗಬಾರದು. ಬೆಳಕಿಲ್ಲದ ಜಾಗದಲ್ಲಿ ಜಾಂಬಿ, ಕ್ರೀಪರ್ ಮೊದಲಾದ ಪಿಡುಗುಗಳು ಹುಟ್ಟಿಕೊಳ್ಳುತ್ತವೆ. ನುರಿತ ಮಕ್ಕಳು ಒಳಗೆ ಹೋಗುವಾಗ ಪಂಜುಗಳನ್ನು ಒಂದೇ ಪಕ್ಕದಲ್ಲಿ, ಎನ್ನಿ ಎಡಗಡೆಯಲ್ಲಿ, ಊರುತ್ತ ಹೋಗುತ್ತಾರೆ. ಬಲಗಡೆ ಪಂಜು ಕಂಡರೆ ಹೊರದಾರಿಯಲ್ಲಿದ್ದೇವೆಂದು ತಿಳಿಯುತ್ತಾರೆ. ನಾಲ್ಕನೆಯದು, ಒಂದು ಬಕೆಟ್ ನೀರು ಸದಾ ಬಳಿಯಲ್ಲಿರಬೇಕು, ಲಾವಾರಸದ ಮೇಲೆ ಸುರಿದರೆ ಅದು ಕಲ್ಲಾಗುತ್ತದೆ. ಐದನೆಯದು, ಕೊನೆಯ ಕಲ್ಲನ್ನು ಒಡೆಯುವ ಮುನ್ನ ಕಿವಿಗೊಟ್ಟು ಕೇಳಬೇಕು. ಆರನೆಯದು, ಚೀಲ ತುಂಬಿದಾಗ ಅಥವಾ ಬುತ್ತಿ ಮುಗಿಯುತ್ತ ಬಂದಾಗ ‘ಇನ್ನೊಂದು ವಜ್ರ’ ಎಂಬ ಆಸೆಯನ್ನು ಬಿಟ್ಟು ಮೇಲೆ ಬರಬೇಕು.

ಹತ್ತು ವರ್ಷದ ಮಗು ಈ ಆರು ಸೂತ್ರಗಳನ್ನು ಪಾಲಿಸುತ್ತಿದ್ದರೆ ಅದನ್ನು ಕಾಲಹರಣವೆಂದು ತಳ್ಳಿಹಾಕಲಾಗದು. ಮುಂದಾಲೋಚನೆ, ಹಿಂದಿರುಗುವ ದಾರಿಯ ಎಚ್ಚರ, ಆಸೆಗೆ ಕಡಿವಾಣ ಇವೆಲ್ಲವೂ ಅಲ್ಲಿವೆ. ಇದೇ ಶಿಸ್ತನ್ನು ನಮ್ಮ ನಾಡಿನವರು ಆಟವಾಗಿ ಅಲ್ಲ, ಕುಡಿಯುವ ನೀರಿಗಾಗಿ ಪಾಲಿಸಿಕೊಂಡು ಬಂದಿದ್ದಾರೆ.

ಕಾಸರಗೋಡಿನ ಎಣ್ಮಕಜೆ, ಬಾಯಾರು ಮತ್ತು ದಕ್ಷಿಣ ಕನ್ನಡದ ಮಾಣಿಲ, ಕೇಪು ಮುಂತಾದ ಗುಡ್ಡದ ಊರುಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳಿವೆ. ಮುರಕಲ್ಲಿನ ಗುಡ್ಡದ ಪಕ್ಕೆಯಿಂದ ಅಡ್ಡಲಾಗಿ ಒಳಕ್ಕೆ ಅಗೆಯುತ್ತ ಹೋಗಿ, ಒಸರುವ ನೀರನ್ನು ಹೊರಕ್ಕೆ ಹರಿಸಿಕೊಳ್ಳುವ ಪದ್ಧತಿ ಇದು. ಇದಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ. ಸುರಂಗದ ಅಗಲ ಸುಮಾರು ಎರಡು ಅಡಿ, ಎತ್ತರ ಸುಮಾರು ಆರು ಅಡಿ: ಒಬ್ಬ ಮನುಷ್ಯ ನುಸುಳಿ ಪಿಕಾಸಿ ಬೀಸುವಷ್ಟು ಮಾತ್ರ. ಮೈನ್‌ಕ್ರಾಫ್ಟಿನಲ್ಲಿ ಮಕ್ಕಳು ತೋಡುವ ಸುರಂಗವೂ ಒಂದು ಕಲ್ಲು ಅಗಲ, ಎರಡು ಕಲ್ಲು ಎತ್ತರ. ಎರಡರ ಹಿಂದಿನ ತರ್ಕ ಒಂದೇ: ಬೇಕಾದುದಕ್ಕಿಂತ ಹೆಚ್ಚು ಅಗೆದರೆ ಶ್ರಮವೂ ವ್ಯರ್ಥ, ಅಪಾಯವೂ ಅಧಿಕ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿದ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದು, ಮೊದಲ ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಎದೆಗುಂದದೆ, ಕೊನೆಗೆ ಬೋಳುಗುಡ್ಡವನ್ನು ತೋಟವಾಗಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಆದರೆ ಒಂದು ಭೇದವನ್ನು ಗಮನಿಸಬೇಕು. ಆಟದ ಪಂಜು ಭೂತಪ್ರೇತಗಳನ್ನು ದೂರವಿಡುತ್ತದೆ. ಅದು ಎಂದೂ ಆರುವುದಿಲ್ಲ. ಸುರಂಗ ಕೊರೆಯುವವನ ಕೈದೀಪ ಅಥವಾ ಮೇಣದಬತ್ತಿಗೆ ಬೆಳಕು ಕೊಡುವುದಕ್ಕಿಂತ ದೊಡ್ಡ ಕೆಲಸವೊಂದಿದೆ. ಅದು ಮಂಕಾದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ಅರ್ಥ. ಆರಿದರೆ ಪಿಕಾಸಿಯನ್ನು ಅಲ್ಲಿಯೇ ಬಿಟ್ಟು ಹೊರಬರಬೇಕು. ಉದ್ದವಾದ ಸುರಂಗಗಳಿಗೆ ಮೇಲಿನಿಂದ ಗಾಳಿಕಿಂಡಿ ತೋಡುವುದೂ ಇದಕ್ಕಾಗಿಯೇ. ಸಹಜ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿರುತ್ತದೆ. ಅದು 16-17ಕ್ಕೆ ಇಳಿದಾಗ ಮೇಣದಬತ್ತಿ ಆರುತ್ತದೆ. 10ಕ್ಕಿಂತ ಕೆಳಗಿಳಿದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಈ ಎರಡರ ನಡುವಿನ ಸಣ್ಣ ಅಂತರದಲ್ಲಿ ಒಂದು ಜೀವದ ಅಳಿವು ಉಳಿವು ನಿಂತಿದೆ. ವಿಷಾನಿಲಗಳನ್ನು ದೀಪ ತೋರಿಸಲಾರದು. ಆದುದರಿಂದ ಇಂದು ಅನಿಲಮಾಪಕವಿಲ್ಲದೆ ಯಾರೂ ಇಳಿಯಬಾರದು. ಆದರೂ ‘ಗಾಳಿಯನ್ನು ಮೊದಲು ಕೇಳು’ ಎಂಬ ಆ ಹಳೆಯ ನಿಯಮ ಇಂದಿಗೂ ಸರಿಯೇ. ಮೈನ್‌ಕ್ರಾಫ್ಟಿನಲ್ಲಿ ನೀರೊಳಗೆ ಮುಳುಗಿದರೆ ಉಸಿರು ಮುಗಿಯುತ್ತದೆ, ಸುರಂಗದೊಳಗೆ ಮುಗಿಯುವುದೇ ಇಲ್ಲ. ಆಟದಲ್ಲಿ ಕಾಣದ ಮೊದಲ ಪಾಠ ಇದು.

ಎರಡನೆಯದು ಧೂಳು. ಆಟದ ಕಲ್ಲು ಚೊಕ್ಕಟವಾಗಿ ಒಡೆದು ಚೀಲಕ್ಕೆ ಸೇರುತ್ತದೆ. ನಿಜವಾದ ಬಂಡೆ ಒಡೆದಾಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಿಲಿಕಾ ಕಣಗಳು ಗಾಳಿಗೆ ಸೇರುತ್ತವೆ. ಮೂಗು, ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡುಗಳಲ್ಲಿ ಕೂರುವ ಈ ಕಣಗಳನ್ನು ದೇಹ ಕರಗಿಸಲಾರದು, ಹೊರದೂಡಲೂ ಆರದು. ಸುತ್ತಲೂ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಗಣಿ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಭಾರತದಲ್ಲಿ ಎಂ.ಬಿ.ಬಿ.ಎಸ್. ಓದಿದವರೆಲ್ಲರಿಗೂ ಈ ಪಾಠದಲ್ಲಿ ಎದುರಾಗುವ ಹೆಸರು ಕೋಲಾರದ ಚಿನ್ನದ ಗಣಿ. ನಮ್ಮ ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದು ಅಲ್ಲಿಂದ. ಸ್ವೀಡನ್ನಿನಲ್ಲಿಯೂ ಇದರ ಕಥೆ ಹಳೆಯದು. ಸಸ್ಯಗಳಿಗೆ ಹೆಸರಿಟ್ಟವನೆಂದು ನಾವು ಬಲ್ಲ ಕಾರ್ಲ್ ಲಿನೇಯಸ್ ವೈದ್ಯನೂ ಆಗಿದ್ದ. 1734ರಲ್ಲಿ ದಾಲರ್ನಾ ಪ್ರಾಂತದಲ್ಲಿ ಸಂಚರಿಸಿದಾಗ ಓರ್ಸಾ ಎಂಬಲ್ಲಿ ಸಾಣೆಕಲ್ಲು ಕಡಿಯುವವರು ಕಲ್ಲಿನ ಧೂಳಿನಿಂದ ಅಕಾಲದಲ್ಲಿ ಸಾಯುವುದನ್ನು ಅವನು ದಾಖಲಿಸಿದ. ಒದ್ದೆ ಮಾಡಿ ಕೊರೆಯುವುದು, ಗಾಳಿಯಾಡಿಸುವುದು, ಮುಖಗವಸು, ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ಇವು ಇದಕ್ಕೆ ಇರುವ ತಡೆಗಳು. ಇವುಗಳಲ್ಲಿ ಹೆಚ್ಚಿನವನ್ನು ಅಗೆಯುವವನು ತಾನೊಬ್ಬನೇ ಮಾಡಿಕೊಳ್ಳಲಾರ, ಅಗೆಸುವವನು ಒದಗಿಸಬೇಕು.

ಮೂರನೆಯದು ಬಂಡೆಯ ಭಾರ. ಮೈನ್‌ಕ್ರಾಫ್ಟಿನಲ್ಲಿ ಮರಳು, ಜಲ್ಲಿಗಳ ಹೊರತು ಮಿಕ್ಕ ಕಲ್ಲೆಲ್ಲ ಗಾಳಿಯಲ್ಲಿ ತೇಲುತ್ತ ನಿಲ್ಲುತ್ತದೆ. ಬುಡವನ್ನು ಕಡಿದರೂ ಬೆಟ್ಟ ಬೀಳದು. ನಿಜವಾದ ನೆಲದಡಿಯಲ್ಲಿ ತೆಗೆದ ಪ್ರತಿಯೊಂದು ಕಲ್ಲಿನ ಭಾರವನ್ನು ಉಳಿದ ಕಲ್ಲುಗಳು ಹೊರಬೇಕು. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಒತ್ತಡದಲ್ಲಿ ಬಂಡೆಯು ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ. ‘ರಾಕ್‌ಬರ್ಸ್ಟ್’ ಎಂದು ಗಣಿಯವರು ಕರೆಯುತ್ತಿದ್ದ ಈ ಸಿಡಿತದ ಕಂಪನ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸ್ವೀಡನ್ನಿನ ಉತ್ತರದ ಕಿರುನಾದಲ್ಲಿ ಕಬ್ಬಿಣದ ಅದಿರನ್ನು ಇಂದಿಗೂ ನೆಲದಡಿಯಿಂದ ತೆಗೆಯುತ್ತಾರೆ. ಅಲ್ಲಿ 2020ರ ಮೇ 18ರ ಬೆಳಗಿನ ಜಾವ 4.9 ಪ್ರಮಾಣದ ಕಂಪನ ಸಂಭವಿಸಿತು, ಯಾರಿಗೂ ಗಾಯವಾಗಲಿಲ್ಲ. ಗಣಿಯ ಪರಿಣಾಮವಾಗಿ ನೆಲ ಬಿರಿಯುತ್ತಿರುವುದರಿಂದ ಆ ಊರನ್ನೇ ಸ್ಥಳಾಂತರಿಸಲಾಗುತ್ತಿದೆ. 2025ರ ಆಗಸ್ಟಿನಲ್ಲಿ ಅಲ್ಲಿನ ಮರದ ಚರ್ಚನ್ನು ಸುಮಾರು 5 ಕಿಲೋಮೀಟರ್ ದೂರಕ್ಕೆ ಚಕ್ರಗಳ ಮೇಲೆ ಒಯ್ದುದನ್ನು ನಮ್ಮಲ್ಲಿ ಅನೇಕರು ದೂರದರ್ಶನದಲ್ಲಿ ನೋಡಿದ್ದೇವೆ. ಕೆಳಗೆ ಅಗೆದುದರ ಲೆಕ್ಕವನ್ನು ಮೇಲಿನವರು ಒಂದಲ್ಲ ಒಂದು ದಿನ ತೀರಿಸಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಆಟದಲ್ಲಿ ಸುರಕ್ಷತೆಯೆಂದರೆ ಆಡುವವನ ಜಾಣತನ. ಸತ್ತರೆ ಅವನ ತಪ್ಪು. ಮರುಕ್ಷಣವೇ ಹಾಸಿಗೆಯ ಬಳಿ ಮತ್ತೆ ಹುಟ್ಟುತ್ತಾನೆ. ನಿಜವಾದ ನೆಲದಡಿಯಲ್ಲಿ ಸುರಕ್ಷತೆಯು ಮೇಲೆ ನಿಂತವರ ಕರ್ತವ್ಯ. ಫಾಲುನ್ ಪಟ್ಟಣದ ತಾಮ್ರದ ಗಣಿಯ ಇತಿಹಾಸ ಇದನ್ನು ಎರಡು ಬಗೆಯಲ್ಲಿ ಹೇಳುತ್ತದೆ. ಯೋಜನೆಯಿಲ್ಲದೆ ತಲೆಮಾರುಗಟ್ಟಲೆ ಅಗೆದುದರಿಂದ 1687ರಲ್ಲಿ ಅಲ್ಲಿನ ಗೋಡೆಗಳು ಕುಸಿದು ಭಾರೀ ಹಳ್ಳವೊಂದು ಉಂಟಾಯಿತು. ಸುಮಾರು 100 ಮೀಟರ್ ಆಳದ ಆ ಹಳ್ಳವನ್ನು ಈಗಲೂ ಕಾಣಬಹುದು. ಆ ದಿನ ಮಿಡ್‌ಸೊಮ್ಮರ್ ಹಬ್ಬದ ರಜೆಯಾಗಿದ್ದುದರಿಂದ ಗಣಿಯಲ್ಲಿ ಯಾರೂ ಇರಲಿಲ್ಲ. ಒಂದು ಜೀವವೂ ಹೋಗಲಿಲ್ಲ. ಅವರನ್ನು ಉಳಿಸಿದ್ದು ಯಾವ ಗಣಿಗಾರನ ಚಾತುರ್ಯವೂ ಅಲ್ಲ, ಒಂದು ದಿನದ ರಜೆ. ಅದಕ್ಕೆ ಹತ್ತು ವರ್ಷ ಮೊದಲು, 1677ರಲ್ಲಿ, ‘ಫೆಟ್-ಮಟ್ಸ್’ ಎಂದು ಹೆಸರಾದ ತರುಣನೊಬ್ಬ ಅದೇ ಗಣಿಗೆ ಒಬ್ಬನೇ ಇಳಿದು ಕಾಣೆಯಾದ. 1719ರಲ್ಲಿ ಅವನ ದೇಹ ಸಿಕ್ಕಿತು. ಗಣಿಯ ನೀರಿನ ಲವಣಗಳಿಂದಾಗಿ ಕೆಡದೆ ಉಳಿದಿದ್ದ ಆ ಎಳೆಯ ಮುಖವನ್ನು ಗುರುತಿಸಿದವಳು ಅವನೊಡನೆ ಮದುವೆ ನಿಶ್ಚಯವಾಗಿದ್ದ ಹೆಣ್ಣು. ಅಷ್ಟು ಹೊತ್ತಿಗೆ ಅವಳು ಮುದುಕಿಯಾಗಿದ್ದಳು. ನಿಜವಾದ ಗಣಿಯಲ್ಲಿ ಮರುಹುಟ್ಟು ಇಲ್ಲವೆಂಬುದನ್ನು ಮಗುವಿಗೆ ತಿಳಿಸಲು ಇದಕ್ಕಿಂತ ಬೇರೆ ಉಪನ್ಯಾಸ ಬೇಕಿಲ್ಲ.

ಒಬ್ಬನೇ ಅಗೆದ ಮಹಾಲಿಂಗ ನಾಯ್ಕರ ಸಾಹಸಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸಾಹಸವನ್ನು ನಿಯಮವಾಗಿಸಲಾಗದು. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದಾಗ, ಅವರನ್ನು ಉಳಿಸಿದ್ದು ಹೊರಗಿನವರು ಕೊಳವೆಯ ಮೂಲಕ ಕಳಿಸಿದ ಗಾಳಿ ಮತ್ತು ಆಹಾರ. ಯಂತ್ರ ಕೆಟ್ಟು ನಿಂತ ಮೇಲೆ ಕೊನೆಯ ಕೆಲವು ಮೀಟರುಗಳನ್ನು ಕೈಯಿಂದಲೇ ಅಗೆದ ಬಡ ಕಾರ್ಮಿಕರ ಶ್ರಮದಿಂದ 17ನೆಯ ದಿನ ಎಲ್ಲರೂ ಹೊರಬಂದರು. ಸ್ವೀಡನ್ ಈ ತತ್ತ್ವವನ್ನು ಕಾನೂನಾಗಿ ಬರೆದುಕೊಂಡಿದೆ. 1977ರ ಕೆಲಸದ ಪರಿಸರ ಕಾಯಿದೆಯಂತೆ, ಜೀವಕ್ಕೆ ಗಂಭೀರ ಅಪಾಯವಿದೆಯೆಂದು ಕಂಡಾಗ ಕಾರ್ಮಿಕರ ಸುರಕ್ಷತಾ ಪ್ರತಿನಿಧಿಯು ಕೆಲಸವನ್ನು ತಡೆಹಿಡಿಯಬಹುದು. ನಮ್ಮಲ್ಲಿ ಬಹುಪಾಲು ಜನ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಅಂಥ ಪ್ರತಿನಿಧಿಯನ್ನು ಕಂಡಿದ್ದೇವೆ; ಈ ಹಕ್ಕಿನ ಬೆಲೆ ಏನೆಂದು ಯೋಚಿಸಿದವರು ವಿರಳ.

‘ಆಟವನ್ನು ಆಟವಾಗಿರಲು ಬಿಡಿ, ಮಗುವಿನ ಸಂತೋಷದ ಮೇಲೆ ಇತಿಹಾಸದ ಹೊರೆ ಹೇರುವುದೇಕೆ?’ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಉಪದೇಶ ಆರಂಭವಾದ ಕೂಡಲೇ ಮಕ್ಕಳು ಕಿವಿಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಆದುದರಿಂದ ನಾನು ಬೋಧಿಸಿರೆಂದು ಹೇಳುತ್ತಿಲ್ಲ, ಕೇಳಿರೆಂದು ಹೇಳುತ್ತಿದ್ದೇನೆ. ವಾರಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, ‘ನೇರ ಕೆಳಗೆ ಏಕೆ ಅಗೆಯಬಾರದು ಕಂದಾ?’ ಎಂದು ಮಗುವನ್ನೇ ಗುರುವಾಗಿಸಿ ಕೇಳೋಣ. ಅದು ಉತ್ಸಾಹದಿಂದ ವಿವರಿಸುತ್ತದೆ. ಆಮೇಲೆ ಒಂದೇ ಒಂದು ಮರುಪ್ರಶ್ನೆ: ‘ಇಷ್ಟು ಆಳದಲ್ಲಿ ಗಾಳಿ ಎಲ್ಲಿಂದ ಬರುತ್ತದೆ?’ ಇನ್ನೊಂದು ವಾರ: ‘ಈ ಬೆಟ್ಟ ಏಕೆ ಬೀಳುವುದಿಲ್ಲ?’ ಉತ್ತರ ಹುಡುಕುವ ಕುತೂಹಲ ಹುಟ್ಟಿದರೆ ಸಾಕು. ಪಿಕಾಸಿ, ಹಾರೆ, ಗುದ್ದಲಿ, ಸುರಂಗ, ಅದಿರು, ಜಲ್ಲಿ ಮುಂತಾದ ಮಾತುಗಳು ಪುಸ್ತಕದ ಪಾಠದಿಂದ ಬಾರದಷ್ಟು ಸಲೀಸಾಗಿ ಈ ಸಂಭಾಷಣೆಯಲ್ಲಿ ಬರುತ್ತವೆ. ಶಾಲೆಯ ಮಾತೃಭಾಷಾ ತರಗತಿಗೂ ಇದು ಒಳ್ಳೆಯ ವಿಷಯ. ಭಾನುವಾರದ ವಿಡಿಯೋ ಕರೆಯಲ್ಲಿ ಅಜ್ಜ ಅಜ್ಜಿಯರನ್ನು ಊರಿನ ಬಾವಿ ತೋಡಿದ ಬಗೆಯನ್ನು ಕೇಳಲಿ. ಅವರಲ್ಲಿ ಹೇಳಲು ಬಹಳವಿರುತ್ತದೆ, ಕೇಳುವವರು ಇರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಸಂಘದ ಕುಟುಂಬಗಳು ಸೇರಿ ಫಾಲುನ್‌ಗೆ ಹೋಗಿಬರಬೇಕೆಂಬುದು ನನ್ನ ಸಲಹೆ. 1992ರಲ್ಲಿ ಮುಚ್ಚಿದ ಆ ಗಣಿಯನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ಕೋಲಾರದ ಗಣಿಗಳು ಮುಚ್ಚಿದ ವರ್ಷವೇ ಫಾಲುನ್‌ಗೆ ಈ ಮನ್ನಣೆ ದೊರೆಯಿತು. ತಲೆಗೆ ಶಿರಸ್ತ್ರಾಣ ಧರಿಸಿ ಸುಮಾರು 67 ಮೀಟರ್ ಕೆಳಗಿಳಿದರೆ ಬೇಸಿಗೆಯಲ್ಲಿಯೂ ಐದಾರು ಡಿಗ್ರಿಯಷ್ಟೇ ಉಷ್ಣತೆ. ಮಕ್ಕಳಿಗೆ ಸ್ವೆಟರ್ ತಪ್ಪದೆ ಒಯ್ಯಿರಿ. ಸ್ವೀಡನ್ನಿನ ಹಳ್ಳಿಗಳಲ್ಲಿ ಕಾಣುವ ಮನೆಗಳ ಕೆಂಪು ಬಣ್ಣ ಇದೇ ಗಣಿಯ ಮಣ್ಣಿನಿಂದ ಬಂದದ್ದೆಂದು ಅಲ್ಲಿ ತಿಳಿದಾಗ, ದಿನವೂ ನೋಡುವ ಗೋಡೆಯ ಹಿಂದೆ ಯಾರದೋ ಉಸಿರಿತ್ತೆಂಬುದು ಅವರಿಗೆ ಹೊಳೆದೀತು.

ಇಷ್ಟನ್ನು ಮಕ್ಕಳಿಗೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಅನೇಕರಿಗೆ ಕರ್ನಾಟಕದಲ್ಲಿ ಮನೆಯಿದೆ, ನಿವೇಶನವಿದೆ, ಹಳೆಯ ಬಾವಿಯಿದೆ, ಶೌಚಗುಂಡಿಯಿದೆ. ಅವನ್ನು ಶುಚಿಗೊಳಿಸಲು ಇಲ್ಲಿಂದಲೇ ಫೋನಿನಲ್ಲಿ ಹೇಳಿ, ಮೊಬೈಲಿನಲ್ಲಿಯೇ ಹಣ ಕಳಿಸುತ್ತೇವೆ. ಗುಂಡಿಯೊಳಕ್ಕೆ ಯಾರು ಇಳಿದರು, ಹೇಗೆ ಇಳಿದರು ಎಂದು ಕೇಳುವುದಿಲ್ಲ. ಸುರಂಗದಲ್ಲಿ ದೀಪವನ್ನು ಆರಿಸುವ ಕೆಟ್ಟ ಗಾಳಿಯೇ ಅಲ್ಲಿಯೂ ಇರುತ್ತದೆ. ಅದರ ಜೊತೆಗೆ ದೀಪ ತೋರಿಸಲಾರದ ವಿಷಾನಿಲಗಳೂ ಇರುತ್ತವೆ. ಕುಸಿದುಬಿದ್ದವನನ್ನು ಎತ್ತಲು ಹೋದ ಎರಡನೆಯವನೂ ಅದೇ ಗಾಳಿಗೆ ಬಲಿಯಾಗುವುದು ಇಂಥ ದುರಂತಗಳ ಪರಿಚಿತ ರೀತಿ. ರಕ್ಷಣಾ ಸಾಧನಗಳಿಲ್ಲದೆ ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಹೀರುವ ಯಂತ್ರದ ವಾಹನಗಳು ಇಂದು ಬಾಡಿಗೆಗೆ ದೊರೆಯುತ್ತವೆ. ಯಂತ್ರವನ್ನೇ ತರಿಸಬೇಕು, ಯಾರನ್ನೂ ಒಳಗಿಳಿಸಕೂಡದು ಎಂದು ಫೋನಿನಲ್ಲಿ ಒಂದು ಮಾತು ಹೇಳಿ, ಅದಕ್ಕೆ ತಗಲುವ ಹೆಚ್ಚಿನ ಹಣವನ್ನು ಕೊಡುವುದು ನಮ್ಮಿಂದ ಆಗದ ಕೆಲಸವಲ್ಲ.

ಆಟದಲ್ಲಿ ಮಗು ತನ್ನ ಜೀವವನ್ನು ಕಾಪಾಡಿಕೊಳ್ಳಲು ಕಲಿಯುತ್ತಿದೆ. ಕೆಳಗಿಳಿದವರ ಜೀವ ಮೇಲೆ ನಿಂತವರ ಕೈಯಲ್ಲಿದೆ ಎಂಬುದನ್ನು ಅದು ನಮ್ಮನ್ನು ನೋಡಿ ಕಲಿಯಬೇಕಾಗಿದೆ.